ಮಬ್ಬಿನ ಅಂಚು

ನಮ್ಮೂರಿನಲ್ಲಿ ಫೋನಿನ ಮಾತು ನಡುವೆ ನಿಂತುಹೋದರೆ ಯಾರೂ ‘ಹಲೋ, ಹಲೋ’ ಎಂದು ಕೂಗುವುದಿಲ್ಲ. ಹಾಗೆ ಕೂಗಿದವನು ಪರಊರಿನವನೆಂದು ಎಲ್ಲರಿಗೂ ತಿಳಿದುಹೋಗುತ್ತದೆ. ನಾವು ಸುಮ್ಮನೆ ಫೋನು ಕಿವಿಗೆ ಹಿಡಿದು ಕಾಯುತ್ತೇವೆ. ಮಾತು ತಿರುಗಿ ಬಂದಾಗ ‘ಮಬ್ಬು ನುಂಗ್ತು, ಇರ್ಲಿ’ ಎಂದು ಅಲ್ಲಿಂದ ಮುಂದಕ್ಕೆ ಹೋಗುತ್ತೇವೆ. ನುಂಗಿದ ಮಾತು ಯಾವುದೆಂದು ಫೋನಿನಲ್ಲಿ ಕೇಳುವುದಿಲ್ಲ, ನಾಳೆ ಎದುರಿಗೆ ಸಿಕ್ಕರೂ ಕೇಳುವುದಿಲ್ಲ. ಹಾಗೆ ಕೇಳುವುದು ಉಣ್ಣುತ್ತ ಕೂತವರ ತಟ್ಟೆಗೆ ಕೈ ಹಾಕಿದಷ್ಟೇ ನಾಚಿಕೆಗೇಡು. ನನಗೆ ಬುದ್ಧಿ ಬಂದಾಗಿನಿಂದ ಈ ರೀತಿ ಇದೆ.

ಊರನ್ನು ಒಂದು ಕೆರೆ ಎರಡಾಗಿ ಸೀಳಿದೆ. ಕೆರೆ ಎನ್ನುವುದು ನಮ್ಮ ವಿನಯ. ಈಚೆ ದಂಡೆಯಲ್ಲಿ ನಿಂತರೆ ಆಚೆಯ ಮನೆಗಳು ಕಾಣುತ್ತವೆ, ಮನುಷ್ಯರು ಕಾಣುವುದಿಲ್ಲ. ಸಂತೆ, ಶಾಲೆ, ದವಾಖಾನೆ ಈಚೆಗಿವೆ. ಕಲ್ಲಿನ ಕ್ವಾರಿಗಳು ಆಚೆಗಿವೆ. ಲಾಂಚು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗಿ ಬರುತ್ತದೆ. ಹೆಣ್ಣು ಕೊಡುವುದು ತರುವುದು ಎರಡೂ ದಂಡೆಗಳ ನಡುವೆಯೇ ಆದ್ದರಿಂದ ಊರಿನ ಅರ್ಧ ಸಂಸಾರ ಫೋನಿನಲ್ಲಿ, ನೀರಿನ ಮೇಲೆ ನಡೆಯುತ್ತದೆ. ಮಬ್ಬು ಬರುವುದೂ ಆ ನೀರಿನ ಮೇಲೆಯೇ. ಅದು ಕಣ್ಣಿಗೆ ಕಾಣುವಂಥದ್ದಲ್ಲ. ಬಿಸಿಲು ಇರುತ್ತದೆ, ಗಾಳಿ ಇರುತ್ತದೆ, ಕೊಕ್ಕರೆಗಳು ತಮ್ಮ ಪಾಡಿಗೆ ನಿಂತಿರುತ್ತವೆ, ಮಾತು ಮಾತ್ರ ದಾಟುವುದಿಲ್ಲ. ಆಚೆಯದು ಈಚೆಗೆ ಬರುವುದಿಲ್ಲ, ಈಚೆಯದು ಆಚೆಗೆ ಹೋಗುವುದಿಲ್ಲ. ಸ್ವಲ್ಪ ಹೊತ್ತಿಗೆ ತಾನಾಗಿ ಬಿಟ್ಟುಹೋಗುತ್ತದೆ.

ಇದರಿಂದ ಊರಿಗೆ ಆದ ಉಪಕಾರವನ್ನೂ ಹೇಳಬೇಕು. ಫೋನಿನಲ್ಲಿ ಮನುಷ್ಯ ಸುಮ್ಮನಾದರೂ ಅದು ಮಬ್ಬಿನ ಹಾಗೆಯೇ ಕೇಳಿಸುತ್ತದೆ, ಏಕೆಂದರೆ ಮಾತಾಡದಿದ್ದಾಗ ನಮ್ಮ ಫೋನುಗಳು ಉಸಿರನ್ನೂ ಕಳಿಸುವುದಿಲ್ಲ. ಹೀಗಾಗಿ ಉತ್ತರ ಇಲ್ಲದವರು, ಉತ್ತರ ಇದ್ದೂ ಹೇಳಲಾಗದವರು, ಗಂಟಲು ಕಟ್ಟಿದವರು ಎಲ್ಲರೂ ತಮ್ಮ ಮೌನವನ್ನು ಮಬ್ಬಿನ ತಲೆಗೆ ಕಟ್ಟಿ ಹಾಯಾಗಿದ್ದರು. ಎಷ್ಟು ಮನೆಗಳು ಇದರಿಂದ ಉಳಿದಿವೆಯೋ ದೇವರೇ ಬಲ್ಲ.

ಮಬ್ಬಿನ ಸ್ವಭಾವ ಅಳೆಯುವುದು ನನ್ನ ಹೊಟ್ಟೆಪಾಡು. ನನ್ನ ಹೆಸರು ಗುರುಪಾದ, ಆದರೆ ಊರು ನನ್ನನ್ನು ‘ಮಬ್ಬಿನ ಮಾಸ್ತರ’ ಎನ್ನುತ್ತದೆ, ನಾನು ಯಾರಿಗೂ ಪಾಠ ಹೇಳಿದವನಲ್ಲದಿದ್ದರೂ. ಫೋನು ತಯಾರಿಸುವ ಒಂದು ಕಂಪನಿ ದಂಡೆಯ ಮೇಲೆ ಚಿಕ್ಕ ಕಚೇರಿ ಇಟ್ಟಿದೆ. ಅವರಿಗೆ ಬೇಕಾದದ್ದು ಹುಸಿ ಮಬ್ಬು. ಪ್ರತಿ ಹೊಸ ಫೋನನ್ನೂ ನಮ್ಮೂರಿಗೆ ಹೊತ್ತು ತಂದು ಪರೀಕ್ಷೆ ಮಾಡುವ ಬದಲು, ನಮ್ಮ ಮಬ್ಬಿನಂತೆಯೇ ಮಾತು ನುಂಗುವ ಒಂದು ಲೆಕ್ಕವನ್ನು ಕಂಪ್ಯೂಟರಿನಲ್ಲಿ ಕಟ್ಟಿಕೊಟ್ಟರೆ ಅವರಿಗೆ ಅನುಕೂಲ. ನಾನೂ ಹುಸೇನಸಾಬನೂ ವ್ಯಾನಿನಲ್ಲಿ ದಂಡೆಯುದ್ದಕ್ಕೂ ಓಡಾಡುತ್ತೇವೆ. ಅವನು ವ್ಯಾನು ಓಡಿಸುತ್ತಾನೆ, ನಾನು ಕೇಳುತ್ತೇನೆ. ಆಚೆ ದಂಡೆಯಿಂದ ಒಂದು ಮುದ್ರಿತ ಧ್ವನಿ ವಾರಗಳ ಹೆಸರನ್ನು ಒಂದೇ ಸಮನೆ ಹೇಳುತ್ತಿರುತ್ತದೆ. ಕಳಿಸಿದ್ದು ಏನೆಂದು ಗೊತ್ತು, ಮುಟ್ಟಿದ್ದು ಏನೆಂದು ಗೊತ್ತು, ಎರಡರ ನಡುವೆ ಬಿದ್ದುಹೋದದ್ದೇ ನಮ್ಮ ಸರಕು.

ಆ ಲೆಕ್ಕ ಕೇಳಲು ದೊಡ್ಡದು, ಒಳಗೆ ಸರಳ. ಎರಡು ಕೋಣೆಯ ಮನೆ ಎಂದುಕೊಳ್ಳಿ. ಒಂದು ಬೆಳಕಿನ ಕೋಣೆ, ಅಲ್ಲಿ ಅಕ್ಷರ ಬೀಳುವುದು ಅಪರೂಪ. ಇನ್ನೊಂದು ಕತ್ತಲಿನದು, ಅಲ್ಲಿ ಉಳಿಯುವುದು ಅಪರೂಪ. ಪ್ರತಿ ಗಳಿಗೆಗೂ ನಾಣ್ಯ ಚಿಮ್ಮಿದಂತೆ ಮಾಡಿ, ಇದ್ದಲ್ಲೇ ಇರುವುದೋ ಆಚೆ ಕೋಣೆಗೆ ದಾಟುವುದೋ ಎಂದು ತೀರ್ಮಾನಿಸುವುದು. ನಾಣ್ಯ ಎಷ್ಟು ವಾಲಬೇಕು ಎನ್ನುವುದನ್ನು ಅಳೆದು ತಿಳಿಯಬೇಕು. ಕಂಪನಿಯವರು ಕೊಟ್ಟದ್ದು ಇಷ್ಟೇ. ಅದರಿಂದ ಬಂದ ಹುಸಿ ಮಬ್ಬನ್ನು ಕೇಳಿದರೆ ನನಗೆ ನಗು ಬರುತ್ತಿತ್ತು. ಮಾತು ಕತ್ತರಿಯಿಂದ ಕತ್ತರಿಸಿದ ಹಾಗೆ ನಿಲ್ಲುತ್ತಿತ್ತು. ನಿಜವಾದ ಮಬ್ಬು ಹಾಗಲ್ಲ, ಅದರ ಅಂಚು ಹರಿದಿರುತ್ತದೆ. ಒಂದೆರಡು ಅಕ್ಷರ ಬೀಳುತ್ತವೆ, ಒಂದು ಉಳಿಯುತ್ತದೆ, ಮತ್ತೆ ಬೀಳುತ್ತವೆ, ಆಮೇಲೆ ಎಲ್ಲ ಮುಳುಗುತ್ತದೆ. ಏಳುವಾಗಲೂ ಹಾಗೇ. ನಾನು ಎರಡು ಕೋಣೆಗಳ ನಡುವೆ ಒಂದು ಹೊಸ್ತಿಲು ಇಟ್ಟೆ. ಹೊಸ್ತಿಲಲ್ಲಿ ಅರ್ಧ ಬೀಳುತ್ತದೆ, ಅರ್ಧ ಉಳಿಯುತ್ತದೆ. ಅಂದಿನಿಂದ ನನ್ನ ಹುಸಿ ಮಬ್ಬು ಯಾವುದು, ಕೆರೆಯ ಮಬ್ಬು ಯಾವುದು ಎಂದು ಹುಸೇನಸಾಬನಿಗೂ ಗುರುತು ಹತ್ತುವುದಿಲ್ಲ. ಜೀವನದಲ್ಲಿ ನಾನು ಜಂಬ ಪಡುವ ಕೆಲಸ ಇದೊಂದೇ, ಹಾಗಾಗಿ ಪಡುತ್ತೇನೆ.

ವಾರಗಳ ಹೆಸರು ಹೇಳುವ ಆ ಧ್ವನಿ ನನ್ನ ಹೆಂಡತಿ ಕಸ್ತೂರಿಯದು. ಕಚೇರಿ ತೆರೆದ ಹೊಸತರಲ್ಲಿ ಸ್ಪಷ್ಟವಾದ ದನಿ ಬೇಕೆಂದಾಗ ಅವಳನ್ನೇ ಕೂರಿಸಿ ಮುದ್ರಿಸಿದ್ದೆ. ನಡುವೆ ಅವಳು ನಕ್ಕು, ‘ಬರೇ ವಾರ ಹೇಳಿಸ್ತೀರಲ್ಲ, ನನಗೇನು ಬ್ಯಾರೆ ಮಾತು ಬರೂದಿಲ್ಲೇನು?’ ಎಂದಿದ್ದಳು. ಆ ನಗುವನ್ನು ನಾನು ಕತ್ತರಿಸಿ ತೆಗೆದೆ, ಲೆಕ್ಕಕ್ಕೆ ಅದು ಬೇಡವಾಗಿತ್ತು.

ಈಗ ಅವಳು ಆಚೆ ದಂಡೆಯ ತವರಿನಲ್ಲಿದ್ದಾಳೆ. ತಂಗಿಯ ಬಾಣಂತನಕ್ಕೆಂದು ಹೋದವಳು. ಬಾಣಂತನ ಮುಗಿಯಿತು, ಕೂಸಿಗೆ ಹಲ್ಲು ಬಂದವು, ಈಗ ಅದು ಗೋಡೆ ಹಿಡಿದು ನಡೆಯುತ್ತದಂತೆ. ನಮ್ಮಿಬ್ಬರ ನಡುವೆ ಜಗಳವಾಗಿಲ್ಲ. ಜಗಳವಾಗಿದ್ದರೆ ಇಂಥದ್ದಕ್ಕಾಗಿ ಎಂದು ಹೇಳಲು ನನ್ನ ಹತ್ತಿರ ಏನಾದರೂ ಇರುತ್ತಿತ್ತು. ಪ್ರತಿ ಸಂಜೆ ಫೋನು ಮಾಡುತ್ತೇವೆ. ನಾನು ಊಟದ ಸುದ್ದಿ ಕೇಳುತ್ತೇನೆ, ಅವಳು ನನ್ನ ಕೆಮ್ಮಿನ ಸುದ್ದಿ ಕೇಳುತ್ತಾಳೆ. ‘ಯಾವಾಗ ಬರ್ತಿ?’ ಎಂದು ನಾನು ಕೇಳುವಷ್ಟರಲ್ಲಿ ಮಬ್ಬು ಬರುತ್ತದೆ. ನಾನು ಕಾಯುತ್ತೇನೆ. ಆಮೇಲೆ ಅವಳ ದನಿ ಬರುತ್ತದೆ, ಬೇರೆ ಯಾವುದೋ ಮಾತು. ‘ಮಬ್ಬು ನುಂಗ್ತು, ಇರ್ಲಿ’ ಎನ್ನುತ್ತೇನೆ. ಒಮ್ಮೆ ಲಾಂಚು ಹತ್ತಿ ಹೋಗಿಯೂ ಬಂದೆ. ರೊಟ್ಟಿ, ಪುಂಡಿಪಲ್ಲೆ ಮಾಡಿ ಬಡಿಸಿದಳು, ನಾನು ಉಂಡೆ, ಊರಿನ ರೀತಿ ಮೀರಿ ಏನನ್ನೂ ಕೇಳಲಿಲ್ಲ. ನಮ್ಮ ಫೋನುಗಳು ಮಾತನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತವೆ, ಉಳಿದ ಚೂರುಗಳನ್ನು ಮತ್ತೆ ಕೇಳಿ ಕೂಡಿಸಿಕೊಳ್ಳಲೆಂದು. ಕಸ್ತೂರಿಯ ಮಾತನ್ನು ಮಾತ್ರ ನಾನು ಮತ್ತೆ ಕೇಳುವುದಿಲ್ಲ, ಮಾತು ಮುಗಿದ ಕೂಡಲೇ ಅಳಿಸಿಬಿಡುತ್ತೇನೆ. ಅಂಚು ಹರಿದಿದೆಯೋ ಇಲ್ಲವೋ ನೋಡಬಲ್ಲವನು ಊರಿನಲ್ಲಿ ನಾನೊಬ್ಬನೇ, ನನಗೆ ನೋಡುವ ಮನಸ್ಸಿರಲಿಲ್ಲ.

ಹೀಗಿರುವಾಗ ನಮ್ಮ ಓಣಿಯ ಸಾವಂತ್ರೆವ್ವ ಕಚೇರಿಗೆ ಬಂದಳು. ಕುಬಸ ಹೊಲಿದು ಬದುಕುವವಳು. ಆಚೆ ದಂಡೆಯ ಕ್ವಾರಿಯಲ್ಲೇ ಉಳಿದು ದುಡಿಯುತ್ತಿದ್ದ ಅವಳ ಗಂಡ ಯಮನಪ್ಪ ಮದ್ದು ಸಿಡಿದು ಸತ್ತು ಇನ್ನೂ ಹೆಚ್ಚು ದಿನಗಳಾಗಿರಲಿಲ್ಲ. ಒಳಗೆ ಬಂದವಳು ಕುರ್ಚಿ ತೋರಿಸಿದರೂ ಕೂರಲಿಲ್ಲ. ಸೆರಗಿನೊಳಗಿಂದ ಫೋನು ತೆಗೆದು ಮೇಜಿನ ಮೇಲಿಟ್ಟಳು.

‘ಮಾಸ್ತರ, ಊರಿನ ರೀತಿ ನನಗೂ ಗೊತ್ತೈತಿ. ಕೇಳಬಾರದು ಅನ್ನೂದೂ ಗೊತ್ತೈತಿ. ಆದ್ರ ಕೇಳಾಕ ಅಂವ ಇಲ್ಲಲ್ಲ. ಅದಕ್ಕ ನಿಮ್ಮನ್ನ ಕೇಳಾಕ ಬಂದೇನಿ.’

‘ಏನಾತಕ್ಕಾ?’ ಎಂದೆ.

‘ನಮ್ಮಿಬ್ಬರದೂ ಮಾತು ಬಿಟ್ಟಿತ್ತು. ತಪ್ಪು ನನ್ನದ. ಹಿಂದಿನ ದಿನ ಸಂಜಿಕ ನಾನ ಫೋನ್ ಮಾಡಿ, ತಪ್ಪಾತು, ನನ್ನ ಮ್ಯಾಲಿನ ಸಿಟ್ಟು ಬಿಡ್ತೀಯೇನು ಅಂತ ಕೇಳಿದೆ. ಅಷ್ಟರಾಗ ಮಬ್ಬು ಬಂತು. ಆಮ್ಯಾಲೆ ಅಂವ, ಉಂಡು ಮಲ್ಕೋ ಅಂದು ಇಟ್ಟಬಿಟ್ಟ. ಮರುದಿನ ಹಿಂಗಾತು.’ ಅವಳು ಫೋನನ್ನು ನನ್ನ ಕಡೆಗೆ ಸರಿಸಿದಳು. ‘ಅದು ಖರೇನ ಮಬ್ಬೋ, ಇಲ್ಲಾ ಅಂವ ಸುಮ್ಮಿದ್ನೋ, ಹೇಳ್ರಿ.’

ನಾನು ಹೇಳಲಾರೆ ಎಂದೆ. ಅದು ಸುಳ್ಳೂ ಅಲ್ಲ. ನನ್ನ ಲೆಕ್ಕ ಸಾವಿರ ಮಬ್ಬುಗಳ ಸ್ವಭಾವ ಹೇಳುತ್ತದೆ, ಒಂದೇ ಒಂದು ಮೌನವನ್ನು ಹಿಡಿದು ಇದು ಯಾರದು ಎಂದು ಆಣೆ ಮಾಡಿ ಹೇಳುವುದಿಲ್ಲ. ಹೆಚ್ಚೆಂದರೆ ಎತ್ತ ವಾಲುತ್ತದೆ ಎಂದು ಹೇಳಬಹುದು. ‘ವಾಲೂದನ್ನ ಹೇಳ್ರಿ, ನನಗಷ್ಟ ಸಾಕು,’ ಎಂದಳು.

ಅವಳಿಗೆ ತಿಳಿಯಲೆಂದು ಮೊದಲು ನನ್ನ ಹುಸಿ ಮಬ್ಬಿನ ಒಂದು ತುಣುಕು ಕೇಳಿಸಿದೆ. ಕಸ್ತೂರಿಯ ದನಿ ಸೋಮವಾರ, ಮಂಗಳವಾರ ಎಂದು ಬಂತು. ಬುಧವಾರಕ್ಕೆ ಬಂದಾಗ ಒಂದು ಅಕ್ಷರ ಬಿತ್ತು, ಎರಡು ಉಳಿದವು, ಗುರುವಾರಕ್ಕೆ ಹೊರಳುವಷ್ಟರಲ್ಲಿ ಮತ್ತೆ ಎರಡು ಬಿದ್ದವು, ಒಂದು ಉಳಿಯಿತು, ಆಮೇಲೆ ಏನೂ ಇಲ್ಲ. ‘ಇದು ಮಬ್ಬು ಅಕ್ಕಾ. ಅಂಚಿನಾಗ ಚೂರು ಬಿದ್ದಿರ್ತಾವ, ನೋಡ್ರಿ,’ ಎಂದೆ. ಆಮೇಲೆ ಯಮನಪ್ಪನ ದನಿ ಹಾಕಿದೆ. ಅವನ ಹಿಂದಿನ ಮಾತು ಪೂರ್ತಿ ಮುಗಿದಿತ್ತು. ಅವಳ ಪ್ರಶ್ನೆ. ಮೌನ. ಆಮೇಲೆ ‘ಉಂಡು ಮಲ್ಕೋ’, ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಇಡಿಯಾಗಿ. ಎಲ್ಲಿಯೂ ಒಂದು ಚೂರು ಉದುರಿರಲಿಲ್ಲ. ಲೆಕ್ಕಕ್ಕೆ ಕೊಟ್ಟೆ, ಲೆಕ್ಕವೂ ಅದನ್ನೇ ಹೇಳಿತು.

‘ಮಬ್ಬು ಇರ್ಲಿಕ್ಕಿಲ್ಲ ಅಕ್ಕಾ,’ ಎಂದೆ. ಸತ್ತವನು ತನ್ನ ಹೆಂಡತಿಗೆ ಉತ್ತರ ಕೊಡದೆ ಹೋದ ಎಂದು ಹೇಳಿ ಕೂತಿದ್ದೆನಲ್ಲ. ಅವಳು ಅಳುತ್ತಾಳೆ, ನನಗೆ ಶಾಪ ಹಾಕುತ್ತಾಳೆ ಎಂದು ಕಾದೆ.

ಸಾವಂತ್ರೆವ್ವ ಆಗ ಕುರ್ಚಿಯಲ್ಲಿ ಕೂತಳು. ‘ಹಂಗಂದ್ರ ನಾ ಕೇಳಿದ್ದು ಅವಗ ಮುಟ್ಟಿತ್ತು,’ ಎಂದಳು.

ನಾನು ಫೋನನ್ನು ಅವಳ ಕಡೆಗೆ ತಿರುಗಿ ಸರಿಸಿದೆ.

‘ಮಬ್ಬಾಗಿದ್ರ ನನ್ನ ಮಾತನ್ನೂ ನುಂಗಿರ್ತಿತ್ತಲ್ರಿ. ತಪ್ಪಾತು ಅಂದದ್ದು ಕೇಳದನ ಹ್ವಾದನೇನೋ ಅಂತ ನಾ ಒದ್ದಾಡಾಕತ್ತಿದ್ದೆ. ಕೇಳ್ಯಾನ. ಕೇಳಿ, ಸುಮ್ಮಿದ್ದು, ಆಮ್ಯಾಲೆ ಉಂಡು ಮಲ್ಕೋ ಅಂದಾನ.’ ಅವಳು ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡಳು. ‘ಸಿಟ್ಟು ಇದ್ದವರು ಹಂಗ ಅನ್ನೂದಿಲ್ರಿ ಮಾಸ್ತರ.’ ಆಗ ಅತ್ತಳು. ಅವಳ ಅಳು ನಿಂತ ಮೇಲೆ ಹುಸೇನಸಾಬ ಅವಳನ್ನು ವ್ಯಾನಿನಲ್ಲಿ ಮನೆಗೆ ಬಿಟ್ಟು ಬಂದ.

ವಿಷಯ ಅಲ್ಲಿಗೇ ನಿಲ್ಲಬಹುದಿತ್ತು. ಆದರೆ ಅವಳು ಸಮಾಧಾನದಿಂದ ನಾಕು ಮಂದಿಗೆ ಹೇಳಿದಳು, ಆ ನಾಕು ಮಂದಿ ಸಮಾಧಾನವಿಲ್ಲದೆ ಉಳಿದವರಿಗೆ ಹೇಳಿದರು. ಮೌನದ ಒಡೆಯ ಯಾರೆಂದು ಹೇಳಬಹುದು ಎಂಬುದು ಊರಿಗೆ ತಿಳಿಯಿತು. ಕಚೇರಿಯ ಮುಂದೆ ಚಪ್ಪಲಿಗಳು ತುಂಬಿದವು. ನಾನು ಬಾಗಿಲು ಹಾಕಿಕೊಂಡರೆ ಕಿಟಕಿಯಿಂದ ಫೋನು ಚಾಚಿದರು. ತುಣುಕನ್ನು ಕೇಳಿಸಿದರೆ ನಾವೇ ಅಂಚು ನೋಡಿಕೊಳ್ಳುತ್ತೇವೆ ಎಂದರು. ಬೇಸತ್ತು ಕೇಳಿಸಿದೆ, ಅವರು ಅದನ್ನು ತಮ್ಮ ಫೋನಿನಲ್ಲಿ ಹಿಡಿದುಕೊಂಡು ಹೋದರು. ಕಸ್ತೂರಿಯ ಬುಧವಾರ ಎರಡೂ ದಂಡೆಗಳಲ್ಲಿ ಹಬ್ಬಿತು.

ಎಲ್ಲರೂ ಸಾವಂತ್ರೆವ್ವನಂಥವರಲ್ಲ. ‘ಹುಡುಗಿ ಮನಸ್ಸಿಗೆ ಬಂದಾಳೇನು?’ ಎಂದು ಕೇಳಿದ್ದಕ್ಕೆ ವರ ಸುಮ್ಮನಿದ್ದ ಜಾಗವನ್ನು ಒಬ್ಬ ಮಾವನಾಗುವವನು ಪತ್ತೆಮಾಡಿ ನಿಶ್ಚಯ ಮುರಿದ. ಅಣ್ಣತಮ್ಮಂದಿರು ವರ್ಷಗಳ ಹಿಂದಿನ ಮಾತುಗಳನ್ನು ಕೆದರಿ ತೆಗೆದು ಬೇರೆಯಾದರು. ಜನ ಫೋನಿನಲ್ಲಿ ಉಸಿರು ತೆಗೆದುಕೊಳ್ಳಲೂ ಹೆದರತೊಡಗಿದರು. ಎಲ್ಲಿ ಖಾಲಿ ಬಿದ್ದು ಸಿಕ್ಕಿಹಾಕಿಕೊಳ್ಳುತ್ತೇವೋ ಎಂದು ಉಣ್ಣುವಾಗಲೂ ‘ಹಾಂ, ಹಾಂ, ಹಾಂ’ ಎನ್ನುತ್ತಲೇ ಇದ್ದರು. ಸಂಜೆ ದಂಡೆಯ ಮೇಲೆ ನಡೆದರೆ ಊರೆಲ್ಲ ಹಾಂಗುಟ್ಟುವುದು ಕೇಳಿಸುತ್ತಿತ್ತು. ನನಗೆ ಪೂರಾ ಜಿಗುಪ್ಸೆ ಬಂತು. ಹೊಸ್ತಿಲು ಕಟ್ಟಿದವನು ನಾನೇ, ಯಾರನ್ನು ಬಯ್ಯಲಿ?

ಊರಿಗೆ ದಾರಿ ತಾನೇ ಸಿಕ್ಕಿತು. ಅದನ್ನು ನನಗೆ ಹೇಳಿದವನು ಹುಸೇನಸಾಬ. ವ್ಯಾನು ಓಡಿಸುತ್ತ ಒಬ್ಬನೇ ನಗುತ್ತಿದ್ದ.

‘ಸಾಹೇಬ್ರ, ನಿನ್ನೆ ನನ್ನ ಭಾಂವಗ ಫೋನ್ ಮಾಡಿದ್ದೆ. ಅವನ ಮಾತು ನಿಮ್ಮ ತುಣುಕಿನಂಗ ಚೂರುಚೂರಾಗಿ ಮುಳುಗ್ತು. ಏನು ಛಂದ ಮಬ್ಬು ಅಂತೀರಿ! ಆದ್ರ ಅಂವ ಆಗ ನಮ್ಮ ಮನಿ ಹಿತ್ತಲದಾಗ ಇದ್ದ. ನಮ್ಮಿಬ್ಬರ ನಡುವ ಕೆರಿನ ಇರ್ಲಿಲ್ಲ.’

‘ನಟನೆ ಮಾಡ್ತಾರೇನು?’ ಎಂದೆ.

‘ಸಂತ್ಯಾಗ ಬಾಯಿಪಾಠ ಮಾಡಾಕತ್ತಾರ್ರಿ. ಕಾಯಿಪಲ್ಲೆ ಮಾರೂ ಹೆಣ್ಮಕ್ಕಳು ಒಬ್ಬರಿಗೊಬ್ಬರು ಕಲಿಸ್ತಾರ. ಒಂದು ನುಂಗು, ಎರಡು ಬಿಡು, ಎರಡು ನುಂಗು, ಒಂದು ಬಿಡು, ಆಮ್ಯಾಲೆ ಸುಮ್ಮನಾಗು. ತಿರುಗಿ ಬರೂಮುಂದನೂ ಹಂಗ.’ ಅವನು ಗೇರು ಬದಲಿಸಿದ. ‘ಪಾಪ, ಮಂದಿಗೆ ಸುಮ್ಮಿರಾಕ ಒಂದು ಜಾಗ ಬೇಕಲ್ರಿ.’

ಅದು ನಿಜವಾಗಿತ್ತು. ಕೆಲವೇ ದಿನಗಳಲ್ಲಿ ಊರು ಪಳಗಿತು. ಯಾರ ಮೌನವೂ ಬರಿಗೈಯಲ್ಲಿ ಬರುತ್ತಿರಲಿಲ್ಲ, ಎಲ್ಲವೂ ಹರಿದ ಅಂಚನ್ನು ತೊಟ್ಟೇ ಬರುತ್ತಿತ್ತು. ಫೋನು ಹಿಡಿದು ನನ್ನ ಹತ್ತಿರ ಬಂದವರಿಗೆ ‘ಎಲ್ಲಾ ಮಬ್ಬ ಐತಿ, ಹೋಗ್ರಿ’ ಎಂದು ಹೇಳಿ ಕಳಿಸತೊಡಗಿದೆ. ಅವರೂ ನಂಬಿದರು, ಅಥವಾ ನಂಬಿದಂತೆ ಎದ್ದುಹೋದರು. ಚಪ್ಪಲಿಗಳು ಕಡಿಮೆಯಾದವು. ಊರು ಮತ್ತೆ ‘ನುಂಗ್ತು, ಇರ್ಲಿ’ ಎನ್ನಲು ಶುರುಮಾಡಿತು.

ಆದರೆ ಒಂದು ಮಾತು ನಾನು ಯಾರಿಗೂ ಹೇಳಲಿಲ್ಲ. ನಿಜವಾದ ಮಬ್ಬು ಒಂದೇ ಥರ ಎರಡು ಸಲ ಹರಿಯುವುದಿಲ್ಲ. ನಾಣ್ಯ ಚಿಮ್ಮಿದಾಗಲೆಲ್ಲ ಬೇರೆ ಬೀಳುತ್ತದೆ, ಹೊಸ್ತಿಲಿನ ಗುಣವೇ ಅದು. ಊರಿನವರು ಕಲಿತದ್ದು ಮಬ್ಬನ್ನಲ್ಲ, ಒಂದು ಬುಧವಾರವನ್ನು. ಅದೇ ಒಂದು, ಅದೇ ಎರಡು, ಮತ್ತೆ ಎರಡು, ಮತ್ತೆ ಒಂದು. ನನ್ನ ಕಿವಿಗೆ ಪ್ರತಿಯೊಂದು ಸುಳ್ಳೂ ಗೊತ್ತಾಗುತ್ತಿತ್ತು, ಅದಕ್ಕೆ ಲೆಕ್ಕವೂ ಬೇಕಾಗಿರಲಿಲ್ಲ. ದಿನವಿಡೀ ಹೆಂಡತಿಯ ದನಿ ಮುಳುಗುವುದನ್ನು ಕೇಳಿದವನು ನಾನು.

ಒಂದು ಸಂಜೆ ಎಂದಿನಂತೆ ಫೋನು ಮಾಡಿದೆ. ಕೂಸು ಬಿದ್ದು ಹಣೆ ತರಚಿಕೊಂಡದ್ದನ್ನು ಕಸ್ತೂರಿ ಹೇಳಿದಳು. ನನ್ನ ಕೆಮ್ಮಿಗೆ ಜ್ಯೇಷ್ಠಮಧು ಬಾಯಲ್ಲಿಟ್ಟುಕೊಳ್ಳಲು ಹೇಳಿದಳು. ಹಿತ್ತಲಿನ ತೊಂಡೆಬಳ್ಳಿ ಕಾಯಿ ಬಿಟ್ಟಿದೆಯೇ ಎಂದು ಕೇಳಿದಳು. ಬಿಟ್ಟಿದೆ, ಕೊಯ್ಯುವವರಿಲ್ಲದೆ ಹಣ್ಣಾಗಿ ಗುಬ್ಬಿಯ ಪಾಲಾಗುತ್ತಿದೆ ಎಂದೆ. ಸಾವಂತ್ರೆವ್ವ ಕುರ್ಚಿಯಲ್ಲಿ ಕೂತ ರೀತಿ ನನ್ನ ಕಣ್ಣ ಮುಂದಿತ್ತು. ‘ಯಾವಾಗ ಬರ್ತಿ’ ಎಂಬ ಪ್ರಶ್ನೆಯಲ್ಲಿ ಬರುವುದು ಖಂಡಿತ ಎಂಬ ಸುಳ್ಳೊಂದು ಅಡಗಿತ್ತು. ಇಷ್ಟು ದಿನ ನಾನು ಅದರ ಮರೆಯಲ್ಲಿ ನಿಂತು ಕೇಳುತ್ತಿದ್ದೆ. ಈ ಸಲ ನೆಟ್ಟಗೆ ಕೇಳಿದೆ.

‘ಕಸ್ತೂರಿ, ನಿನಗ ತಿರುಗಿ ಬರೂ ಮನಸ್ಸು ಐತೇನು?’

‘ಅದು ಹಂಗಲ್ರಿ, ನಾನು...’ ಎಂದು ಅವಳು ಶುರುಮಾಡಿದಳು. ಒಂದು ಅಕ್ಷರ ಬಿತ್ತು. ಎರಡು ಉಳಿದವು. ಎರಡು ಬಿದ್ದವು. ಒಂದು ಉಳಿಯಿತು. ಆಮೇಲೆ ಏನೂ ಇಲ್ಲ.

ತನ್ನದೇ ದನಿಯ ಬುಧವಾರವನ್ನು ಅವಳು ಎಷ್ಟು ಚೆನ್ನಾಗಿ ಕಲಿತಿದ್ದಳು. ಯಾರ ಹತ್ತಿರ ಕಲಿತಳೋ, ಅಡುಗೆಮನೆಯಲ್ಲಿ ಒಬ್ಬಳೇ ಎಷ್ಟು ಸಲ ಹೇಳಿಕೊಂಡಳೋ. ಮೊದಲಾಗಿದ್ದರೆ ಬರಿದೇ ಸುಮ್ಮನಾಗುತ್ತಿದ್ದಳು. ನಾನು ಅಂಚು ನೋಡಬಲ್ಲವನೆಂದು ತಿಳಿದ ಮೇಲೆ ನನಗಾಗಿ ಇಷ್ಟು ಕಷ್ಟಪಟ್ಟಿದ್ದಳು. ನನಗೆ ದುಃಖ ಉಕ್ಕಿ ಬಂತು. ಅವಳು ಬರುವುದಿಲ್ಲ ಎನ್ನುವುದು ತಿಳಿದುಹೋಯಿತು, ಅದನ್ನು ಹೇಳಿ ನನ್ನನ್ನು ನೋಯಿಸುವ ಮನಸ್ಸು ಅವಳಿಗಿಲ್ಲ ಎನ್ನುವುದೂ ತಿಳಿಯಿತು. ನಾನು ಕೇಳಿದ್ದು ಅವಳಿಗೆ ಮುಟ್ಟಿತ್ತು. ಸಾವಂತ್ರೆವ್ವನನ್ನು ಬದುಕಿಸಿದ ಮಾತೇ ನನ್ನ ಪಾಲಿಗೆ ಹೀಗೆ ಬಂದಿತ್ತು. ಅಂದಿನ ತನ್ನ ಮೌನದಲ್ಲಿ ಯಮನಪ್ಪ ಏನು ಯೋಚಿಸುತ್ತಿದ್ದಿರಬಹುದು ಎಂದು ಮೊದಲ ಸಲ ಅನ್ನಿಸಿತು. ಅವನ ಹತ್ತಿರವೂ ಬೇರೆ ಮಾತು ಇರಲಿಲ್ಲವೇನೋ.

ಕಿಟಕಿಯ ಆಚೆ ಕೆರೆ ತಿಳಿಯಾಗಿತ್ತು. ಲಾಂಚು ಆ ದಂಡೆಯಿಂದ ಹೊರಟು ಈ ಕಡೆ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಒಂದು ಅಕ್ಷರ ಬಂತು, ಎರಡು ಬಿದ್ದವು, ಆಮೇಲೆ ಅವಳ ದನಿ ಮೇಲೆದ್ದಿತು. ಅಷ್ಟರಲ್ಲಿ ಅತ್ತಿದ್ದಳೆಂದು ಕಾಣುತ್ತದೆ, ಮೂಗು ಕಟ್ಟಿತ್ತು.

‘ರೀ, ಕೇಳಿಸ್ತೈತೇನು?’

‘ಮಬ್ಬು ನುಂಗ್ತು, ಇರ್ಲಿ,’ ಎಂದೆ.

ಅವಳು ಕಾದಳು. ನಾನೂ ಕಾದೆ.

‘ಉಂಡು ಮಲ್ಕೋ,’ ಎಂದೆ.

‘ಹೂಂ,’ ಎಂದಳು. ಅದು ಪೂರ್ತಿಯಾಗಿ ಮುಟ್ಟಿತು.